ಒಳಗೆ ಬಿಟ್ಟ ಒಂದಿಂಚು

ಕಂದು ಕಾಗದದ ಮೇಲೆ,
ರವಿಕೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ
ಹಿತ್ತಲಿನ ಡೆಕ್ ಬರೆದಿದ್ದೇನೆ:
ಹದಿನಾಲ್ಕು ಅಡಿ ಉದ್ದ, ಹತ್ತು ಅಗಲ,
ಅಡುಗೆಮನೆ ಬಾಗಿಲಿನಿಂದ ಶುರು,
ಇಳಿಜಾರು ಇಳಿಯುವ ಕಡೆ ನೆಲದಿಂದ ಏಳಡಿ ಮೇಲೆ.

ಡೆಕ್ ಅನ್ನುವುದು ನಾಣಯ್ಯನವರ ಮಾತು.
ಯಾವುದೋ ಹೋಂಸ್ಟೇಗೆ ಮೊಟ್ಟೆ ಕೊಡಲು ಹೋಗಿ
ಅಂಥದರ ಮೇಲೆ ಐದು ನಿಮಿಷ ನಿಂತು ಬಂದಿದ್ದಾರೆ.
ಕಣಾರನ್ ಆಚಾರಿ ತಟ್ಟು ಎನ್ನುತ್ತಾನೆ.
ಗೋಣಿಕೊಪ್ಪದ ನನ್ನ ಅಂಗಡಿಗೆ ಬರುವವರದು ಒಂದೇ ಪ್ರಶ್ನೆ,
"ನೀವೂ ಹೋಂಸ್ಟೇ ಮಾಡ್ತೀರಾ?"
ಇಲ್ಲಮ್ಮ, ಕೂರೋಕೆ.
"ಯಾರು ಕೂರೋಕೆ?"
ನಾವೇ.
ನಂಬುವುದಿಲ್ಲ. ತೋಳಿನ ಅಳತೆ ಕೊಟ್ಟು ಹೋಗುತ್ತಾರೆ.

ಆಚಾರಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ.
"ಇದು ಬಟ್ಟೆಯಲ್ಲ ಅಕ್ಕ, ಮರ.
ಬೇಸಿಗೆಯಲ್ಲಿ ಕುಗ್ಗುತ್ತೆ, ಕಕ್ಕಡದಲ್ಲಿ ಉಬ್ಬುತ್ತೆ."
ಬಟ್ಟೆಯೂ ಹಾಗೇ, ಅಂದೆ.
ತೊಡುವವರೂ.
ಅದಕ್ಕೇ ಒಳಗೆ ಒಂದಿಂಚು ಬಿಟ್ಟು ಹೊಲಿಯುತ್ತೇನೆ.
ಮೊದಲ ಸಲ ನನ್ನನ್ನು ಕಸುಬಿನವಳ ಹಾಗೆ ನೋಡಿ
ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ಹಲಗೆ ಹಲಗೆಯ ನಡುವೆ
ಒಂದು ಕಾಫಿ ಬೀಜದಷ್ಟು ಸಂದು ಬರೆದ.
ರೊಬಸ್ಟಾನೋ ಅರೇಬಿಕಾನೋ, ಎಂದರು ನಾಣಯ್ಯ.
ನಾವಿಬ್ಬರೂ ನಗಲಿಲ್ಲ.

ಮರದ ಮಾತು ಮೂರು ದಿನ.
ತೇಗ: ದರ ಕೇಳಿ ಎದ್ದು ಬಂದೆವು.
ಸಿಲ್ವರ್: ನಮ್ಮ ತೋಟದಲ್ಲೇ ಇದೆ, ಗೆದ್ದಲಿಗೂ ಗೊತ್ತು.
ಕೊನೆಗೆ ಹಲಗೆಗೆ ಹಲಸು, ಕಂಬಕ್ಕೆ ಕಬ್ಬಿಣದ ಪೈಪು,
ಕಟಕಟೆಗೆ, ಕಿತ್ತುಹಾಕಿದ ಹಳೇ ಕಾಫಿ ಗಿಡಗಳ ಕಾಂಡ,
ಒಂದೊಂದೂ ಒಂದೊಂದು ಕಡೆಗೆ ಸೊಟ್ಟ.

ಗೂಟ ಹೊಡೆದು ಹುರಿ ಕಟ್ಟಿದೆವು.
ಗಂಟು ಬಿಗಿಯುವ ಮೊದಲೇ ನಾಯಿ ಒಳಗೆ ಬಂದು ಮಲಗಿತು,
ಬಾಲ ಕೂಡ ಹುರಿಯಾಚೆ ಚಾಚದೆ.
ನಾಣಯ್ಯ ಎರಡು ಕುರ್ಚಿ ತಂದಿಟ್ಟರು;
ಇಳಿಜಾರಿನಲ್ಲಿ ಅವು
ಒಂದೊಂದು ಕಾಲು ಎತ್ತಿಕೊಂಡೇ ನಿಂತವು.
ಅಳತೆಯೆಲ್ಲ ಸರಿ. ಗೊತ್ತಾಗದ್ದು ಒಂದೇ:
ಅಷ್ಟು ಎತ್ತರದಲ್ಲಿ ಕೂತರೆ
ಏನು ಕಾಣುತ್ತದೆ?

ಮೆಣಸು ಕೊಯ್ಯುವ ಏಣಿ ತಂದು
ಕೊನೆಯ ಮೂಲೆಯ ಸಿಲ್ವರ್ ಮರಕ್ಕೆ ಒರಗಿಸಿ
ಸೆರಗು ಸೊಂಟಕ್ಕೆ ಸಿಕ್ಕಿಸಿ ಏಳಡಿ ಹತ್ತಿ ಕೂತೆ.
ಹಳ್ಳ ಕಂಡಿತು. ಬಸ್ಸು ತಿರುಗುವ ಜಾಗ ಕಂಡಿತು.
ದಾಸವಾಳದ ಬೇಲಿ, ಮೇಲಿನಿಂದ ಬರೀ ಒಂದು ಗೆರೆ.
ಅದರಾಚೆ ಮುತ್ತಕ್ಕನ ಹಿತ್ತಲು.
ಒಂದೂವರೆ ಅಡಿ ನೆಲಕ್ಕಾಗಿ ಸರ್ವೆಯವರು ಬಂದುಹೋದ ಮೇಲೆ
ಒಂಬತ್ತು ವರ್ಷ ನೋಡದ ಹಿತ್ತಲು.

ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು
ಅವಳು ಬೆಲ್ಲದ ಕಾಫಿ ಕುಡಿಯುತ್ತಿದ್ದಳು.
ಮೈಮೇಲೆ ನಾನು ಹೊಲಿದ ಹಸಿರು ರವಿಕೆ.
ಲೋಟ ಎತ್ತಿದಾಗ ಕಂಡಿತು:
ಕಂಕುಳ ಕೆಳಗಿನ ಹೊಲಿಗೆ ಬಿಚ್ಚಿ
ಬೇರೆ ಯಾರೋ ದೊಡ್ಡದು ಮಾಡಿದ್ದಾರೆ,
ನಾನು ಒಳಗೆ ಬಿಟ್ಟ ಬಟ್ಟೆಯಿಂದಲೇ.
ಬಿಸಿಲು ಕಾಣದ ಆ ಪಟ್ಟಿ
ಇನ್ನೂ ಅಂಗಡಿಯ ಹಸಿರು.

ತಲೆ ಎತ್ತಿದಳು.
ಏಣಿ ಮೇಲೆ ಕೂತವಳ ಹತ್ತಿರ ಹೇಳಲು ಏನಿರುತ್ತದೆ.
"ಅಳತೆ," ಅಂದೆ.
"ಯಾತರದ್ದು?"
"ಜಗಲಿದು."
ಒಂದು ಗುಟುಕು ಕುಡಿದು,
"ಆ ಮೂಲೆಗೆ ಸಂಜೆ ಬಿಸಿಲು ಕಣ್ಣಿಗೇ ಹೊಡೀತದೆ," ಎಂದು
ಗಸಿ ಚೆಲ್ಲಿ ಒಳಗೆ ಹೋದಳು.

ನಿಜ. ಅದೊಂದು ಬಿಟ್ಟುಹೋಗಿತ್ತು.

ರಾತ್ರಿ ಮತ್ತೆ ಕಾಗದ ಹಾಸಿದೆ.
ಪಡುವಣದ ಕಡೆ ಮಾಡು ಎರಡಡಿ ಇಳಿಸಿದೆ.
ಬೇಲಿ ಕಡೆಯ ಕಟಕಟೆಯಲ್ಲಿ ಮೂರಡಿ ಉಜ್ಜಿ ಅಳಿಸಿ
ಅಲ್ಲಿ ಸಣ್ಣ ಸಣ್ಣ ಅಡ್ಡಗೆರೆ ಎಳೆದೆ.

ಬೆಳಿಗ್ಗೆ ಆಚಾರಿ ಬೆರಳಿಟ್ಟು ಕೇಳಿದ,
"ಮೆಟ್ಟಿಲಾ ಅಕ್ಕ? ಇಳಿದರೆ ಬೇಲಿ ಇದೆಯಲ್ಲ."
ಗೊತ್ತು. ಮರ ಈಗಲೇ ಕೊಯ್ಯಬೇಡ,
ಜಾಗ ಮಾತ್ರ ಬಿಡು.
ಅವನು ಕಾಗದದ ಮೂಲೆಯಲ್ಲಿ
ಮಲಯಾಳದಲ್ಲಿ ಏನೋ ಬರೆದುಕೊಂಡ.
ನನಗೆ ಓದಲು ಬರುವುದಿಲ್ಲ.